ಊರಿಗೆಲ್ಲ ಒಂದೇ ಟೀವಿ

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕಿಂತ ಆರು ವರ್ಷ ಮೊದಲೇ ನಮ್ಮ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಜನ ಟೀವಿ ನೋಡಿದ್ದರು, ಅದೂ ನೇರವಾಗಿ ಉಪಗ್ರಹದಿಂದ ಎಂದರೆ ನಂಬುತ್ತೀರಾ?

ಅದು ‘ಸೈಟ್’ ಎಂಬ ಪ್ರಯೋಗ. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತ್ತು. 1975ರ ಆಗಸ್ಟ್ 1ರಂದು ಪ್ರಸಾರ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದಕ್ಕೆ ಆಯ್ಕೆಯಾದವು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳಿಗೆ.

ಊರಿಗೊಂದೇ ಟೀವಿ. ಅದರ ಜೊತೆಗೆ ಕೋಳಿಗೂಡಿಗೆ ಹೊದಿಸುವಂಥ ತಂತಿ ಜಾಲರಿಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಆ್ಯಂಟೆನಾ. ಅಹಮದಾಬಾದಿನಿಂದ ಹೊರಟ ಚಿತ್ರ 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಏರಿ, ಮರಳಿ ಆ ಜಾಲರಿಗೆ ಇಳಿಯುತ್ತಿತ್ತು. ಒಂದೇ ಚಿತ್ರದೊಂದಿಗೆ ಎರಡು ಭಾಷೆಯ ಧ್ವನಿ ಕಳಿಸುವ ಏರ್ಪಾಡೂ ಇತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು.

ಆ ಟೀವಿ ಈಗಿನಂತೆ ತೆಳ್ಳಗಿರಲಿಲ್ಲ. ಒಳಗೊಂದು ದಪ್ಪ ಗಾಜಿನ ಪಿಕ್ಚರ್ ಟ್ಯೂಬ್. ಅದರ ಕತ್ತಿನಿಂದ ಎಲೆಕ್ಟ್ರಾನ್ ಕಿರಣ ಹೊರಟು, ಗಾಜಿನ ಒಳಮೈಗೆ ಬಳಿದ ಲೇಪಕ್ಕೆ ತಾಗಿದ ಕಡೆಯೆಲ್ಲ ಬೆಳಕು ಮೂಡುತ್ತಿತ್ತು. ರೈತ ಹೊಲದಲ್ಲಿ ಸಾಲು ಹೊಡೆಯುವಂತೆ ಆ ಕಿರಣ 625 ಸಾಲು ಎಳೆದರೆ ಒಂದು ಚಿತ್ರ. ಸೆಕೆಂಡಿಗೆ ಇಂಥ 25 ಚಿತ್ರ! ಅಂಥ ಎಷ್ಟೋ ಟೀವಿಗಳಲ್ಲಿ, ಆರಿಸಿದ ಮೇಲೂ ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಉಳಿದು, ಮೆಲ್ಲಗೆ ಮಾಯವಾಗುತ್ತಿತ್ತು.

1976ರ ಜುಲೈ 31ಕ್ಕೆ ಗಡುವು ಮುಗಿಯಿತು. ಉಪಗ್ರಹ ಅಮೆರಿಕದ ಕಡೆಗೆ ಸರಿಯಿತು. ಒಂದೇ ವರ್ಷ ಬಾಗಿಲು ತೆರೆದು ಮುಚ್ಚಿದ ವಿಜ್ಞಾನ ಸಂಗ್ರಹಾಲಯದಂತೆ ಆ ಪ್ರಯೋಗ ಕೊನೆಗೊಂಡಿತು. ಮರುವರ್ಷ ಕಲಬುರಗಿಗೇ ಟೀವಿ ಪ್ರಸಾರ ಕೇಂದ್ರ ಬಂತು. 1983ರಲ್ಲಿ ಭಾರತದ್ದೇ ಇನ್ಸಾಟ್-1ಬಿ ಉಪಗ್ರಹ ಆಕಾಶಕ್ಕೇರಿತು. ಅದಕ್ಕೆಲ್ಲ ದಾರಿ ತೋರಿಸಿದ್ದು ಈ ಒಂದು ವರ್ಷದ ಅನುಭವ.

ಆಗ ಎಂಟು ವರ್ಷದವರಾಗಿದ್ದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಹಳೆಯ ಟೀವಿ ಗುಜರಿಗೆ ಹೋದರೆ ಅಂಥದ್ದೇ ಇನ್ನೊಂದು ಎಲ್ಲಾದರೂ ಸಿಕ್ಕೀತು. ಅದರ ಮುಂದೆ ಕುಳಿತವರ ನೆನಪು ಹೋದರೆ ಮತ್ತೆ ಸಿಗದು. ಚಿತ್ತಾಪುರ, ಸೇಡಂ, ಶಹಾಬಾದ್, ವಾಡಿ, ಚಿಂಚೋಳಿ ಕಡೆಯ ಮಕ್ಕಳೇ, ನಿಮ್ಮ ಮುತ್ಯಾನನ್ನು, ಆಯಿಯನ್ನು ಕೇಳಿ: ಮೊದಲ ಸಲ ಟೀವಿ ನೋಡಿದ್ದು ಯಾವ ಊರಲ್ಲಿ? ಅದನ್ನು ಎಲ್ಲಿ ಇಟ್ಟಿದ್ದರು? ಪಕ್ಕದಲ್ಲಿ ಯಾರು ಕುಳಿತಿದ್ದರು?

ಅವರು ಹೇಳಿದ್ದನ್ನು ಹೆಸರು, ಊರು, ವರ್ಷದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತು ಮಕ್ಕಳು ಬರೆದರೂ ಸಾಕು, ನಿಮ್ಮ ಶಾಲೆಯಲ್ಲೇ ಒಂದು ಪುಟ್ಟ ಸಂಗ್ರಹಾಲಯ ಸಿದ್ಧ!