ನೀರಿನಡಿಯ ಟಾರ್ಚ್: ಲುಮೆನ್ ಒಂದೇ ಅಳತೆಯಲ್ಲ

ಬಂಡೀಪುರದ ಅಂಚಿನ ಮದ್ದೂರಿನಂತಹ ಊರುಗಳಲ್ಲಿ ಟಾರ್ಚಿಗೆ ಬೆಲೆ ಕಟ್ಟುವುದು ಅದರ ಬೆಳಕು ಎಷ್ಟು ದೂರ ಹೋಗುತ್ತದೆಂಬುದನ್ನು ನೋಡಿ. ಅದೇ ಲೆಕ್ಕವನ್ನು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಒಯ್ದರೆ ಹಾಕಿದ ಹಣ ಅಕ್ಷರಶಃ ನೀರುಪಾಲಾದೀತು.

ಸಮುದ್ರದ ನೀರು ಕೆಂಪು ಬಣ್ಣವನ್ನು ಮೊದಲ ಕೆಲವು ಮೀಟರುಗಳಲ್ಲಿಯೇ ಹೀರಿಕೊಳ್ಳುತ್ತದೆ. ಆದ್ದರಿಂದ ವಿಡಿಯೋದಲ್ಲಿ ಹವಳವೂ ಮೀನೂ ನೀಲಿಯಾಗಿಯೇ ಕಾಣುತ್ತವೆ. ಕಳೆದುಹೋದ ಬಣ್ಣವನ್ನು ಮರಳಿಸುವುದು ದೀಪದ ಕೆಲಸ. ಇದಕ್ಕೆ 100ರಿಂದ 120 ಡಿಗ್ರಿ ಅಗಲಕ್ಕೆ ಸಮನಾಗಿ ಹರಡುವ ಬೆಳಕು ಬೇಕು. ದಾರಿ ನೋಡಲು, ಸಂಗಾತಿಗೆ ಸನ್ನೆ ಮಾಡಲು ಸುಮಾರು 10 ಡಿಗ್ರಿಯ ಕಿರಿದಾದ ಕಿರಣವೇ ಯೋಗ್ಯ. ವಿಡಿಯೋ ದೀಪವನ್ನು ಕ್ಯಾಮರಾದ ಪಕ್ಕಕ್ಕೇ ಅಂಟಿಸಿದರೆ ನೀರಿನಲ್ಲಿ ತೇಲುವ ಕಣಗಳು ಹಿಮದಂತೆ ಹೊಳೆದು ಚಿತ್ರ ಕೆಡುತ್ತದೆ. ತೋಳು ಅಳವಡಿಸಿ ದೂರವಿಡಬೇಕು.

ಲುಮೆನ್ ಸಂಖ್ಯೆಗೆ ಮರುಳಾಗದೆ, ಪೂರ್ಣ ಪ್ರಕಾಶ ಎಷ್ಟು ನಿಮಿಷ ನಿಲ್ಲುವುದೆಂದು ವಿಚಾರಿಸತಕ್ಕದ್ದು. 'ವಾಟರ್‌ಪ್ರೂಫ್' ಎಂಬ ಮಾತು ಸಾಲದು, ಆಳವನ್ನು ಮೀಟರುಗಳಲ್ಲಿ ನಮೂದಿಸಿರಬೇಕು. ರಾತ್ರಿ ಮುಳುಗುವವರಿಗೆ ಎರಡನೆಯ ಟಾರ್ಚ್ ಪ್ರಾಣರಕ್ಷಣೆಯ ವಿಷಯ, ಅಲ್ಲಿ ಉಳಿತಾಯ ಸಲ್ಲದು.

ರಬ್ಬರಿನ ಒ-ರಿಂಗಿಗೆ ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಹೊಕ್ಕು ಲಿಥಿಯಂ ಸೆಲ್ ಕೆಡಬಹುದು. ಇಂತಹ ಹಾನಿ ವಾರಂಟಿಗೆ ಒಳಪಡುವುದೇ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಳ್ಳುವುದು ಒಳಿತು.