ಗಂಟಲು ನೋವು ಹೃದಯವನ್ನು ಮುಟ್ಟುವ ಬಗೆ

ಹುಬ್ಬಳ್ಳಿಯ ನವನಗರದಲ್ಲಿರುವ ಬಂಧುಗಳ ಮನೆಗೆ ಈಚೆಗೆ ಹೋದಾಗ, ಅವರ 11 ವರ್ಷದ ಮಗಳಿಗೆ ಮೂರು ವಾರಕ್ಕೊಮ್ಮೆ ಹಾಕಿಸಬೇಕಾದ ಪೆನಿಸಿಲಿನ್ ಚುಚ್ಚುಮದ್ದು ಎರಡು ಸಲ ತಪ್ಪಿದೆಯೆಂದು ತಿಳಿಯಿತು. “ಹುಡುಗಿ ಚಂದಾಗಿ ಆಡಾಕ ಹತ್ಯಾಳ್ರೀ, ಸುಮ್ನ ಯಾಕ ಸೂಜಿ ಚುಚ್ಚಸೂದು?” ಎಂದರು ತಾಯಿ. ತಾಯ್ತನದ ಮಾತೇನೋ ಸರಿ. ಆದರೆ ಆ ಮಗುವಿಗೆ ಹಿಂದಿನ ವರ್ಷ ಬಂದುಹೋದದ್ದು ರುಮ್ಯಾಟಿಕ್ ಜ್ವರ.

ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳನ್ನು ಕಾಡುವ ಈ ಜ್ವರದ ಮೂಲವಿರುವುದು ಗಂಟಲಿನಲ್ಲಿ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ತಗುಲಿದಾಗ ಬಿಳಿ ರಕ್ತಕಣಗಳು ಅದರ ಗುರುತು ಹಿಡಿದು ಹೋರಾಟಕ್ಕೆ ಸಿದ್ಧವಾಗುತ್ತವೆ, ಪ್ರತಿಕಾಯಗಳನ್ನು ಉತ್ಪಾದಿಸುತ್ತವೆ. ಆದರೆ ಆ ರೋಗಾಣುವಿನ ಕೆಲವು ಅಂಶಗಳು ನಮ್ಮ ಹೃದಯದ ಅಂಗಾಂಶವನ್ನೇ ಹೋಲುತ್ತವೆ. ಕೆಲವು ಮಕ್ಕಳಲ್ಲಿ ಈ ಕಾವಲುಪಡೆಗೆ ತನ್ನವರಾರು, ಹಗೆ ಯಾರು ಎಂಬ ವಿವೇಚನೆ ತಪ್ಪುತ್ತದೆ. ಗಂಟಲು ವಾಸಿಯಾಗಿ ಎರಡು–ಮೂರು ವಾರ ಕಳೆದ ಮೇಲೆ ಜ್ವರ ಕಾಣಿಸುತ್ತದೆ. ಮೊಣಕಾಲಿನ ಬಾವು ಇಳಿಯುವಷ್ಟರಲ್ಲಿ ಮತ್ತೊಂದು ಕೀಲು ನೋಯತೊಡಗುತ್ತದೆ. ಕೀಲುಗಳು ಪೂರ್ಣ ಗುಣವಾಗುತ್ತವೆ. ಹೃದಯದ ಕವಾಟಗಳು ಹಾಗಲ್ಲ. ಉರಿಯೂತ ಮರುಕಳಿಸಿದಂತೆಲ್ಲ ಅವು ದಪ್ಪವಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಎಡಭಾಗದ ಮೈಟ್ರಲ್ ಕವಾಟಕ್ಕೆ ಪೆಟ್ಟು ಹೆಚ್ಚು. ಎಷ್ಟೋ ಹೆಣ್ಣುಮಕ್ಕಳಲ್ಲಿ ಇದು ಬಯಲಾಗುವುದು ಬಸಿರಿನಲ್ಲಿ ಏದುಸಿರು ಬಂದಾಗಲೇ.

ಮೂರ್ನಾಲ್ಕು ವಾರಕ್ಕೊಮ್ಮೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಮರುಸೋಂಕನ್ನೇ ತಡೆಯುತ್ತದೆ. ಮಗು ಆಡುತ್ತಿರುವುದು ಚುಚ್ಚುಮದ್ದು ಬೇಡವೆಂಬುದಕ್ಕೆ ಸಾಕ್ಷಿಯಲ್ಲ. ಹೃದಯಕ್ಕೆ ತಾಗದಿದ್ದರೂ ಕನಿಷ್ಠ 5 ವರ್ಷ ಅಥವಾ 21ರ ವಯಸ್ಸಿನವರೆಗೆ, ಯಾವುದು ದೀರ್ಘವೋ ಅಷ್ಟು ಕಾಲ ಇದನ್ನು ಹಾಕಿಸಬೇಕು. ಕವಾಟ ಕೆಟ್ಟಿದ್ದರೆ 40ರವರೆಗೂ ಬೇಕಾದೀತು. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಗುಳಿಗೆಗಳಿವೆ.

ಕೆಟ್ಟ ಕವಾಟಕ್ಕೆ ಉಪಾಯವಿಲ್ಲವೆಂದಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತೊಡೆಯ ರಕ್ತನಾಳದ ಮೂಲಕ ಬಲೂನು ತೂರಿಸಿ ಕಿರಿದಾದ ಕವಾಟವನ್ನು ಹಿಗ್ಗಿಸುತ್ತಾರೆ. ಮುಂದೆ ಮಣಿಪಾಲದಲ್ಲಿ ಕುಲಪತಿಗಳಾದ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಿರುವನಂತಪುರದಲ್ಲಿ ರೂಪುಗೊಂಡ ದೇಶೀಯ ಕೃತಕ ಕವಾಟವನ್ನು 1990ರಲ್ಲಿ ಮೊದಲು ರೋಗಿಗೆ ಅಳವಡಿಸಲಾಯಿತು. ಆದರೆ ಇಂಥ ಯಾಂತ್ರಿಕ ಕವಾಟ ಪಡೆದವರು ರಕ್ತ ಹೆಪ್ಪುಗಟ್ಟದಂತೆ ಬಾಳಿಡೀ ಗುಳಿಗೆ ನುಂಗಬೇಕು. ಅದರ ಮುಂದೆ ತಿಂಗಳ ಸೂಜಿ ಏನು ಮಹಾ!

ಪ್ರತಿ ಗಂಟಲು ನೋವಿಗೂ ಅಂಜಬೇಕಿಲ್ಲ. ನೆಗಡಿ, ಕೆಮ್ಮಿನೊಡನೆ ಬರುವುದು ಬಹುಮಟ್ಟಿಗೆ ವೈರಸ್ಸಿನದು. ಅದಕ್ಕೆ ಪೆನಿಸಿಲಿನ್ ಬೇಕಿಲ್ಲ. ನೆಗಡಿಯಿಲ್ಲದೆ ಜ್ವರ, ನುಂಗಲು ನೋವು, ಕೊರಳ ಗಂಟುಗಳ ಬಾವು ಇದ್ದರೆ ವೈದ್ಯರಿಗೆ ತೋರಿಸಬೇಕು. ಅವರು ಕೊಟ್ಟ ಗುಳಿಗೆಗಳನ್ನು ನೋವು ಇಳಿಯಿತೆಂದು ಮೂರನೆಯ ದಿನಕ್ಕೇ ಬಿಡದೆ, ಹೇಳಿದಷ್ಟು ದಿನವೂ ಕೊಡಬೇಕು.

ಮರುದಿನ ಮುಂಜಾನೆ ನವನಗರದ ಆ ತಾಯಿ ಮಗಳನ್ನು ಕರೆದುಕೊಂಡು ವೈದ್ಯರಲ್ಲಿಗೆ ಹೋಗಿಬಂದರು.