ಬೆಂಕಿಕಡ್ಡಿಯೂ ಹುಣಿಸೆಬೀಜವೂ

“ಆಟ ಬಿಟ್ಟು ಪಾಠ ನೋಡು” ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಆದರೆ ಆಟವನ್ನು ಬಿಡದೆಯೂ ಪಾಠವನ್ನು ನೋಡಬಹುದು. ಆಟದ ಸಾಮಗ್ರಿಯನ್ನು ಮಕ್ಕಳೇ ಕಸದಿಂದ ಮಾಡಿಕೊಂಡರಂತೂ ಆ ಪಾಠವು ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲುವುದು.

1972ರಲ್ಲಿ ಮಧ್ಯಪ್ರದೇಶದ ಆಗಿನ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ, ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯಬೇಕೆಂಬ ಕಾರ್ಯಕ್ರಮವೊಂದು ಆರಂಭವಾಯಿತು. 1978ರಲ್ಲಿ ಅದನ್ನು ಸೇರಿದ ಎಂಜಿನಿಯರ್ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಟಿಕೆಗಳನ್ನು ಮಾಡಿ ತೋರಿಸಿದರು. ಟ್ಯೂಬಿನ ತುಂಡಿಗೆ ಎರಡು ಕಡೆಯಿಂದಲೂ ಕಡ್ಡಿ ತೂರಿಸಿದರೆ ಕೀಲು ಸಿದ್ಧ. ಮೂರು ಕಡ್ಡಿ ಸೇರಿಸಿದರೆ ತ್ರಿಕೋನ. ಒತ್ತಿದರೂ ಅದರ ಆಕಾರ ಕೆಡದು. ನಾಲ್ಕು ಸೇರಿಸಿದರೆ ಚೌಕ. ಅದು ಮುಟ್ಟಿದೊಡನೆ ವಾಲುವುದು. ವಾಲಿದ ಚೌಕದ ನಡುವೆ ಇನ್ನೊಂದು ಕಡ್ಡಿ ಸೇರಿಸಿದರೆ ಎರಡು ತ್ರಿಕೋನಗಳಾಗಿ ಬಿಗಿಯಾಗುವುದು. ಕಬ್ಬಿಣದ ಸೇತುವೆಯಲ್ಲಿ ಅಷ್ಟೊಂದು ತ್ರಿಕೋನಗಳು ಏಕಿರುವುವೆಂದು ಆಗ ಮಗುವಿನ ಬೆರಳಿಗೇ ತಿಳಿಯುವುದು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಶಾಲೆಯಲ್ಲಿ ‘ಸಂಭವನೀಯತೆ’ಯ ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಪಡೆದೆ, ಅರ್ಥವಾಗಿರಲಿಲ್ಲ. ಕಳೆದ ರಜೆಯಲ್ಲಿ ಊರಿನ ಮಕ್ಕಳನ್ನು ಕೂಡಿಸಿಕೊಂಡು ಹಳೆಯ ರಟ್ಟಿನ ಮೇಲೆ ಚೌಕಾಬಾರದ 25 ಮನೆಗಳನ್ನು ಬರೆಸಿದೆ. ಕವಡೆಗೆ ಬದಲಾಗಿ ಇಬ್ಭಾಗ ಮಾಡಿದ ನಾಲ್ಕು ಹುಣಿಸೆಬೀಜದ ಹೋಳುಗಳು; ಕಾಯಿಗಳಿಗೆ ಸೀಸೆಯ ಮುಚ್ಚಳಗಳು. ಒಂದೊಂದು ಹೋಳು ಬಿಳಿಯಾಗಿ ಇಲ್ಲವೆ ಕಂದಾಗಿ ಬೀಳುವುದರಿಂದ ನಾಲ್ಕಕ್ಕೂ ಸೇರಿ 16 ಬಗೆಗಳುಂಟು. ಎರಡು ಬಿಳಿ ಬೀಳಲು ಅವುಗಳಲ್ಲಿ 6 ಬಗೆ. ನಾಲ್ಕೂ ಬಿಳಿಯಾಗಿ ‘ಚೌಕ’ ಬೀಳಲು ಒಂದೇ. ನಾಲ್ಕೂ ಕಂದಾಗಿ ‘ಎಂಟು’ ಬೀಳಲು ಒಂದೇ. ಅಪರೂಪವಾಗಿ ಬೀಳುವ ಈ ಎರಡಕ್ಕೇ ಮತ್ತೊಂದು ಸರದಿ ದೊರೆಯುವುದು! ಓದುಬರಹವರಿಯದ ನನ್ನಜ್ಜಿ ಈ ನ್ಯಾಯವನ್ನು ಆಡಿಯೇ ಬಲ್ಲರು.

ಇಷ್ಟನ್ನು ನಾನು ಹೆಮ್ಮೆಯಿಂದ ವಿವರಿಸುತ್ತಿರಲು ಪುಟ್ಟ ಹುಡುಗಿಯೊಬ್ಬಳು, “ಬೀಜ ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಎರಡೂ ಕಡೆ ಸಮನಾಗಿ ಬೀಳುತ್ತೆ ಅಂತ ಹೇಗೆ ಹೇಳ್ತೀಯಣ್ಣ?” ಎಂದಳು. ನಾನು ಉತ್ತರವಿಲ್ಲದೆ ಕುಳಿತೆ. ನನ್ನ ಲೆಕ್ಕ ನಿಂತಿದ್ದುದೇ ಆ ಊಹೆಯ ಮೇಲೆ! ಅವಳೇ ಒಂದು ಹೋಳನ್ನು ಮತ್ತೆ ಮತ್ತೆ ಎಸೆದು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಹಾಕತೊಡಗಿದಳು. ಹದಿನೈದು ವರ್ಷ ಓದಿದರೂ ತರಗತಿಯಲ್ಲಿ ಅಂತಹ ಪ್ರಶ್ನೆ ಕೇಳುವ ಧೈರ್ಯ ನನಗೆ ಬಂದಿರಲಿಲ್ಲ. ತಾನೇ ಮಾಡಿದ ವಸ್ತುವನ್ನು ಪ್ರಶ್ನಿಸಲು ಮಗು ಅಂಜದು.

ಹೋಶಂಗಾಬಾದಿನಲ್ಲಿ ಪರೀಕ್ಷೆಯನ್ನೂ ಪುಸ್ತಕ ತೆರೆದಿಟ್ಟೇ ನಡೆಸುತ್ತಿದ್ದರು. ಆ ಕಾರ್ಯಕ್ರಮವನ್ನು ಸರ್ಕಾರ 2002ರಲ್ಲಿ ನಿಲ್ಲಿಸಿತು. ಗುಪ್ತ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಪ್ರಶಸ್ತಿ ಸಂತೋಷವೇ ಸರಿ. ಆದರೆ ಆಟಿಕೆಗೆ ತರಗತಿಯಲ್ಲಿ ಸ್ಥಳ ಬೇಡವೆ? ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು. ಹುಣಿಸೆಬೀಜಕ್ಕೆ ಬಡತನವಿಲ್ಲ, ಅದನ್ನು ಮಕ್ಕಳ ಕೈಗೆ ಕೊಟ್ಟು, ಅವರ ಪ್ರಶ್ನೆಗೆ ಕಿವಿಗೊಡುವ ಮನಸ್ಸು ಮಾತ್ರ ನಮಗಿರಬೇಕು.